14 ತಿಂಗಳು ಬಳಸಿದ ಮೇಲೆ: ಒಂದು ಸಾದಾ ನೋಟ್‌ಬುಕ್ಕಿನ ವಿಮರ್ಶೆ

ನೋಟ್‌ಬುಕ್ಕಿಗೂ ವಿಮರ್ಶೆ ಬೇಕಾ ಅಂತ ಅನ್ನಿಸಬಹುದು. ಕಾಗದ, ರಟ್ಟು, ದಾರ, ಅಷ್ಟೇ ತಾನೇ? ಆದರೆ ಈ 14 ತಿಂಗಳಲ್ಲಿ ನಾನು ಕೊಂಡ ಬೇರೆ ಯಾವ ವಸ್ತುವೂ ಇದರಷ್ಟು ಕೆಲಸಕ್ಕೆ ಬಂದಿಲ್ಲ. ಮೊನ್ನೆ ಕೊನೆಯ ಪುಟವೂ ತುಂಬಿತು. ತುಂಬಿದ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಎ5 ಅಳತೆ. ಅಂದರೆ ಎ4 ಹಾಳೆಯನ್ನು ಅರ್ಧಕ್ಕೆ ಮಡಚಿದಷ್ಟು, 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಉದ್ದ. 192 ಪುಟ. ಕಪ್ಪು ಗಟ್ಟಿ ರಟ್ಟು. 80 ಜಿಎಸ್ಎಂ ಕಾಗದ. ಗೆರೆಗಳ ಬದಲು ಬೂದು ಬಣ್ಣದ ಚುಕ್ಕಿಗಳು. ಪುಟ ಗುರುತಿಗೆ ಒಂದು ರಿಬ್ಬನ್, ಮುಚ್ಚಿಡೋಕೆ ಒಂದು ಎಲಾಸ್ಟಿಕ್ ಪಟ್ಟಿ. ಹೊರಗೆ ಎಲ್ಲೂ ಹೆಸರಿಲ್ಲ, ಚಿತ್ರವಿಲ್ಲ, "ಇಂದು ನಿನ್ನ ದಿನ" ಅನ್ನುವಂಥ ಸಾಲುಗಳೂ ಇಲ್ಲ. ನಾನು ಇದನ್ನೇ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ಏನು ಯೋಚಿಸಬೇಕು ಅಂತ ಹೇಳುವ ಇನ್ನೊಂದು ವಸ್ತು ನನಗೆ ಆಗ ಬೇಕಿರಲಿಲ್ಲ.

ಆಗ ನನ್ನ ಪರಿಸ್ಥಿತಿ ಹೇಗಿತ್ತು ಅಂದರೆ, ಬೆಳಿಗ್ಗೆ ಒಬ್ಬರು ಹೇಳಿದ್ದನ್ನು ಓದಿ ಹೌದಲ್ವಾ ಅನ್ನುತ್ತಿದ್ದೆ, ಸಂಜೆ ಅದಕ್ಕೆ ನೇರ ಉಲ್ಟಾ ಹೇಳುವವರ ವಿಡಿಯೋ ನೋಡಿ ಅದಕ್ಕೂ ಹೌದಲ್ವಾ ಅನ್ನುತ್ತಿದ್ದೆ, ರಾತ್ರಿ ಮಲಗುವಾಗ ಎರಡೂ ತಲೆಯಲ್ಲಿ ಕೂತು ಜಗಳ ಆಡುತ್ತಿದ್ದವು. ಒಂದು ದಿನ ಗೆಳತಿಯೊಬ್ಬಳು ಯಾವುದೋ ವಿಷಯಕ್ಕೆ "ನಿನಗೇನು ಅನ್ಸತ್ತೆ?" ಅಂತ ಕೇಳಿದಳು. ನಾನು ಉತ್ತರ ಕೊಟ್ಟೆ. ಚೆನ್ನಾಗಿಯೇ ಕೊಟ್ಟೆ. ಕೊಟ್ಟು ಮುಗಿಸುವಾಗ ಗೊತ್ತಾಯಿತು, ಅದು ಹಿಂದಿನ ದಿನ ನಾನು ಕೇಳಿಸಿಕೊಂಡಿದ್ದ ಮಾತು. ಅರ್ಥ ಮಾತ್ರ ಅಲ್ಲ, ಪದಗಳೂ ಅವೇ. ನನ್ನ ಬಾಯಿಂದ ಇನ್ನೊಬ್ಬರು ಮಾತಾಡಿದ ಹಾಗೆ ಆಯಿತು. ನನಗೆ ನಿಜವಾಗಿ ಭಯವಾಯಿತು. ಆ ವಾರವೇ ನೋಟ್‌ಬುಕ್ ತಂದೆ.

ಇನ್ನು ಬೈಂಡಿಂಗ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನೋಟ್‌ಬುಕ್ ಕೊಳ್ಳುವವರು ಕಾಗದ ಮುಟ್ಟಿ ನೋಡುತ್ತಾರೆ, ಬೆನ್ನು ನೋಡುವುದಿಲ್ಲ. ಬರೀ ಗಮ್ ಹಾಕಿ ಅಂಟಿಸಿದ ಪುಸ್ತಕವನ್ನು ಬಿಚ್ಚಿಟ್ಟರೆ ಅದು ಮತ್ತೆ ಮುಚ್ಚಿಕೊಳ್ಳೋಕೆ ನೋಡುತ್ತದೆ. ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯಬೇಕು. ಜೋರಾಗಿ ಒತ್ತಿದರೆ ಬೆನ್ನು ಸೀಳಿ ಹಾಳೆ ಕಿತ್ತು ಬರುತ್ತದೆ. ನನ್ನದು ದಾರದ ಹೊಲಿಗೆ. 16 ಪುಟಗಳ 12 ಕಂತೆ, ಪ್ರತಿ ಕಂತೆಯ ನಡುವೆ ಬಿಳಿ ದಾರ ಕಾಣುತ್ತದೆ. ಎಲ್ಲಿ ಬಿಚ್ಚಿದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಅರ್ಧ ವಾಕ್ಯ ಬರೆದು, ಪೆನ್ನು ಕೆಳಗಿಟ್ಟು, ಕಿಟಕಿ ನೋಡುತ್ತಾ ಐದು ನಿಮಿಷ ಸುಮ್ನೆ ಕೂತರೂ ಪುಟ ಹಾಗೇ ತೆರೆದೇ ಇರುತ್ತದೆ. ಪುಸ್ತಕ ಅವಸರ ಮಾಡುವುದಿಲ್ಲ. ಒಬ್ಬರೇ ಕೂತು ಯೋಚಿಸುವವರಿಗೆ ಇದು ಎಷ್ಟು ಮುಖ್ಯ ಅಂತ ಬಳಸಿದ ಮೇಲೇ ಗೊತ್ತಾಗುವುದು. 14 ತಿಂಗಳಲ್ಲಿ ಒಂದೇ ಒಂದು ಹಾಳೆಯೂ ಕಿತ್ತು ಬಂದಿಲ್ಲ.

ಕಾಗದ ಪರವಾಗಿಲ್ಲ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ. 80 ಅಂದರೆ ಮಾಮೂಲಿ ಪ್ರಿಂಟರ್ ಹಾಳೆಯ ತೂಕ. ಇಂಕ್ ಪೆನ್ನಿನಲ್ಲಿ ಬರೆದರೆ ಅಕ್ಷರದ ಅಂಚು ಹರಡುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಅದಕ್ಕೇ ನಾನು ಬಾಲ್ ಪೆನ್ನಿಗೆ ಬಂದೆ. ಅದರಿಂದ ಒಂದು ವಿಷಯ ಗೊತ್ತಾಯಿತು. ಕೋಪದಲ್ಲಿ ಬರೆದ ಪುಟದ ಹಿಂಭಾಗದಲ್ಲಿ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿಕೊಂಡು ಕೈಗೆ ಸಿಗುತ್ತವೆ. ಸಮಾಧಾನದಲ್ಲಿ ಬರೆದ ಪುಟ ನುಣ್ಣಗಿದೆ. ಓದದೇ, ಬರೀ ಮುಟ್ಟಿಯೇ, ಯಾವ ದಿನ ನಾನು ಹೇಗಿದ್ದೆ ಅಂತ ಈಗ ಹೇಳಬಲ್ಲೆ. ಶುರುವಿನ ಪುಟಗಳಲ್ಲಿ ಉಬ್ಬು ಜಾಸ್ತಿ.

ಚುಕ್ಕಿಗಳು ನನಗೆ ಹಿಡಿಸಲಿಲ್ಲ. ಬಣ್ಣ ಗಾಢವಾಯಿತು. ಸಂಜೆ ಬೆಳಕಿನಲ್ಲಿ ಅಕ್ಷರಕ್ಕಿಂತ ಚುಕ್ಕಿಯೇ ಮೊದಲು ಕಣ್ಣಿಗೆ ಬೀಳುತ್ತದೆ.

ಈಗ ಬಳಕೆಗೆ ಬರುತ್ತೇನೆ. ನಾನು ಮಾಡಿಕೊಂಡ ನಿಯಮ ಒಂದೇ: ಮೊದಲು ಬರೆ, ಆಮೇಲೆ ಕೇಳು. ಯಾವುದೇ ದೊಡ್ಡ ವಿಷಯ ಬಂದಾಗ, ಬೇರೆಯವರ ಅಭಿಪ್ರಾಯ ಓದುವ ಮೊದಲು, ಯಾರಿಗೂ ಫೋನ್ ಮಾಡುವ ಮೊದಲು, ನನಗೆ ಏನು ಅನ್ನಿಸುತ್ತದೆ ಅಂತ ನಾಲ್ಕು ಸಾಲು ಬರೆಯಬೇಕು. ತಪ್ಪಿದ್ದರೂ ಸರಿ, ಅರ್ಧಂಬರ್ಧ ಇದ್ದರೂ ಸರಿ. "ಗೊತ್ತಿಲ್ಲ" ಅಂತ ಬರೆದರೂ ಸರಿ. ದಿನಾಂಕ ಹಾಕಬೇಕು. ಆಮೇಲೆ ಯಾರನ್ನು ಬೇಕಾದರೂ ಕೇಳಬಹುದು.

ಇದರ ಹಿಂದೆ ಒಂದು ಹಳೆಯ ಪ್ರಯೋಗ ಇದೆ. 1951ರಲ್ಲಿ ಸಾಲೊಮನ್ ಆ್ಯಶ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಕಾಲೇಜು ಹುಡುಗರ ಮೇಲೆ ಮಾಡಿದ್ದು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದರಷ್ಟೇ ಉದ್ದ ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳುವಂಥದ್ದು. ಆದರೆ ಕೋಣೆಯಲ್ಲಿ ಕೂತ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು, ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ನಿಜವಾದ ಹುಡುಗ ಒಬ್ಬನೇ. ಅವನ ಸರದಿ ಬರುವ ಹೊತ್ತಿಗೆ ಸಾಲಾಗಿ ಎಲ್ಲರೂ ತಪ್ಪು ಹೇಳಿ ಮುಗಿಸಿರುತ್ತಾರೆ. ಅಂಥ ಸುತ್ತುಗಳಲ್ಲಿ ಮೂರರಲ್ಲಿ ಒಂದರಷ್ಟು ಉತ್ತರಗಳು ಗುಂಪಿನ ಜೊತೆ ಹೋದವು. ನಾಲ್ಕರಲ್ಲಿ ಮೂವರು ಹುಡುಗರು ಒಮ್ಮೆಯಾದರೂ ತಮ್ಮ ಕಣ್ಣು ಕಂಡದ್ದನ್ನು ಬಿಟ್ಟು ಗುಂಪು ಹೇಳಿದ್ದನ್ನು ಹೇಳಿದರು. ಯಾರೂ ಇಲ್ಲದೆ ಒಬ್ಬರೇ ಉತ್ತರ ಕೊಟ್ಟಾಗ ತಪ್ಪು ನೂರಕ್ಕೆ ಒಂದೂ ಇರಲಿಲ್ಲ.

ಇಷ್ಟು ಬಹಳ ಜನಕ್ಕೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಪ್ರಯೋಗದ ಇನ್ನೊಂದು ಬಗೆ. ಅದರಲ್ಲಿ ಉಳಿದವರು ಜೋರಾಗಿಯೇ ತಪ್ಪು ಹೇಳುತ್ತಾರೆ, ಈ ಹುಡುಗ ಮಾತ್ರ ತನ್ನ ಉತ್ತರವನ್ನು ಯಾರಿಗೂ ಕಾಣದ ಹಾಗೆ ಕಾಗದದ ಮೇಲೆ ಬರೆಯುತ್ತಾನೆ. ಗುಂಪು ಅದೇ, ಕಿವಿಗೆ ಬೀಳುವ ತಪ್ಪೂ ಅದೇ. ಆದರೂ ಗುಂಪಿನ ಹಿಂದೆ ಹೋಗುವುದು ತುಂಬಾ ಕಡಿಮೆಯಾಯಿತು. ಕಾಗದ ಅಷ್ಟು ಕೆಲಸ ಮಾಡಿತು. ಇದನ್ನು ಓದಿದ ದಿನ ನಾನು ನೋಟ್‌ಬುಕ್ಕನ್ನು ಕಪಾಟಿನಿಂದ ಮೇಜಿಗೆ ತಂದಿಟ್ಟೆ. ಆಮೇಲೆ ಅದು ಅಲ್ಲಿಂದ ಕದಲಲಿಲ್ಲ.

ಮೊದಲ ತಿಂಗಳು ಕಷ್ಟವಾಯಿತು. ಬರೆಯೋದು ಕಷ್ಟ ಅಲ್ಲ, ಕೂರೋದು ಕಷ್ಟ. ಬಾಗಿಲು ಹಾಕಿ, ಫೋನ್ ಆಚೆ ಕೋಣೆಯಲ್ಲಿಟ್ಟು, 15 ನಿಮಿಷ ಒಬ್ಬಳೇ ಕೂತರೆ ಎರಡನೇ ನಿಮಿಷಕ್ಕೆ ಕೈ ತಾನಾಗಿ ಮೇಜಿನ ಬಲಗಡೆಗೆ ಹೋಗುತ್ತಿತ್ತು, ಫೋನ್ ಯಾವಾಗಲೂ ಇರುತ್ತಿದ್ದ ಜಾಗಕ್ಕೆ. ಅಲ್ಲಿ ಬರೀ ಮರ. ಬೆರಳು ಆ ಮರವನ್ನು ಮುಟ್ಟಿ ವಾಪಸ್ ಬರುತ್ತಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತಿತ್ತು. ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ. ಹಾಗಲ್ಲ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊಥಿ ವಿಲ್ಸನ್ ಮತ್ತು ಅವರ ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಜನರನ್ನು ಏನೂ ಇಲ್ಲದ ಕೋಣೆಯಲ್ಲಿ 15 ನಿಮಿಷ ಅವರ ಯೋಚನೆಗಳ ಜೊತೆ ಬಿಟ್ಟರು. ಅಲ್ಲಿ ಇದ್ದದ್ದು ಒಂದು ಬಟನ್, ಒತ್ತಿದರೆ ಕರೆಂಟ್ ಶಾಕ್. ಅದೇ ಶಾಕ್ ಮೊದಲೇ ಅನುಭವಿಸಿ, ದುಡ್ಡು ಕೊಟ್ಟಾದರೂ ತಪ್ಪಿಸಿಕೊಳ್ಳುತ್ತೇವೆ ಅಂದಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಂದು ಸಲವಾದರೂ ತಾವೇ ಒತ್ತಿಕೊಂಡರು. ಸುಮ್ನೆ ಕೂರೋದಕ್ಕಿಂತ ನೋವೇ ವಾಸಿ ಅನ್ನಿಸಿತ್ತು ಅವರಿಗೆ.

ಪೆನ್ನು ಕೈಯಲ್ಲಿದ್ದರೆ ಈ ಕೂರೋದು ಸುಲಭವಾಗುತ್ತದೆ. ಯೋಚನೆಗೆ ಹೋಗೋಕೆ ಒಂದು ದಾರಿ ಸಿಗುತ್ತದೆ, ಒಂದರ ಹಿಂದೆ ಒಂದು ಬರುತ್ತವೆ, ಎಲ್ಲವೂ ಒಟ್ಟಿಗೆ ಮೇಲೆ ಬೀಳುವುದಿಲ್ಲ. ಮೂರನೇ ತಿಂಗಳ ಹೊತ್ತಿಗೆ 15 ನಿಮಿಷ 40 ಆಯಿತು, ನನಗೆ ತಿಳಿಯದ ಹಾಗೆ. ಈಗ ಆ ಹೊತ್ತಿಗೆ ನಾನು ಕಾಯುತ್ತೇನೆ. ಭಾನುವಾರ ಮಧ್ಯಾಹ್ನ ಎಲ್ಲರೂ ಎಲ್ಲಿಗೋ ಹೊರಟಿದ್ದಾರೆ, ನಾನು ಬರಲ್ಲ ಅಂತ ಹೇಳಿದೆ, ಹೇಳಿದ ಮೇಲೆ ಎದೆ ಹಗುರವಾಯಿತು. ಮೊದಲಾಗಿದ್ದರೆ ನನ್ನನ್ನು ಬಿಟ್ಟು ಎಲ್ಲರೂ ಖುಷಿಯಾಗಿದ್ದಾರೆ ಅನ್ನುವ ಸಂಕಟಕ್ಕೇ ಹೋಗುತ್ತಿದ್ದೆ.

ಒಂದು ಪುಟದ ಬಗ್ಗೆ ಹೇಳಲೇಬೇಕು. ಅಪ್ಪನ ಮಂಡಿ ನೋವು. ಅಕ್ಕ ಆಪರೇಷನ್ ಮಾಡಿಸೋಣ ಅಂದಳು. ಚಿಕ್ಕಪ್ಪ ಕತ್ತರಿ ಹಾಕಿಸಿಕೊಂಡವರು ಯಾರೂ ಸರಿಯಾಗಿಲ್ಲ ಅಂದರು. ಒಬ್ಬರು ಎಣ್ಣೆ ಕಳಿಸಿದರು, ಇನ್ನೊಬ್ಬರು ಬೆಲ್ಟ್ ಹೇಳಿದರು. ನಾನು ರಾತ್ರಿಯೆಲ್ಲ ವಿಡಿಯೋ ನೋಡಿದೆ. ಪ್ರತಿ ವಿಡಿಯೋ ಹಿಂದಿನದನ್ನು ಸುಳ್ಳು ಮಾಡುತ್ತಿತ್ತು. ಎಲ್ಲರೂ "ನೀನೇನು ಹೇಳ್ತೀಯಾ, ಬೇಗ ಹೇಳು" ಅನ್ನೋಕೆ ಶುರು ಮಾಡಿದರು.

ಆಗ ಪುಟದ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದೆ. ಎಡಗಡೆ "ಗೊತ್ತಿರೋದು", ಬಲಗಡೆ "ಕೇಳಿದ್ದು" ಅಂತ ಬರೆದೆ. ಬಲಗಡೆ ಬೇಗ ತುಂಬಿತು, ಕೆಳಗಿನ ಮಾರ್ಜಿನ್‌ವರೆಗೂ ಹೋಯಿತು. ಎಡಗಡೆ ಮೂರು ಸಾಲು. ಎಡ ಮಂಡಿ ಬಲಕ್ಕಿಂತ ಜಾಸ್ತಿ ನೋಯುತ್ತದೆ. ಇಳಿಯುವಾಗ ಹತ್ತುವುದಕ್ಕಿಂತ ಕಷ್ಟ. ಡಾಕ್ಟರು ಅವಸರ ಇಲ್ಲ ಅಂದಿದ್ದಾರೆ. ಅಷ್ಟೇ. ಆ ಮೂರು ಸಾಲನ್ನು ತುಂಬಾ ಹೊತ್ತು ನೋಡಿದೆ. ಅಪ್ಪನಿಗೆ ಏನು ಬೇಕು ಅನ್ನುವುದು ಎಡಗಡೆಯೂ ಇರಲಿಲ್ಲ, ಬಲಗಡೆಯೂ ಇರಲಿಲ್ಲ. ಇಷ್ಟು ಜನರಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಾರನೇ ದಿನ ಹೋಗಿ ಪಕ್ಕದಲ್ಲಿ ಕೂತು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋವು ತಡ್ಕೋಬಹುದಮ್ಮ. ಮಹಡಿ ಹತ್ತಿ ಗಿಡಕ್ಕೆ ನೀರು ಹಾಕೋಕೆ ಆಗ್ತಿಲ್ಲ, ಅದೇ ಬೇಜಾರು" ಅಂದರು. ಇದನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಸ್ವಲ್ಪ ತೂಕ ಇಳಿಸುವುದು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಮೆಟ್ಟಿಲಿಗೆ ಹಿಡಿದುಕೊಳ್ಳೋಕೆ ಕಂಬಿ ಹಾಕಿಸಿದೆವು. ಆಪರೇಷನ್ ಬೇಕಾಗಬಹುದು, ಬೇಕಾದಾಗ ಮಾಡಿಸುತ್ತೇವೆ, ಅದರ ಬಗ್ಗೆ ನನಗೆ ಈಗ ಭಯವೂ ಇಲ್ಲ, ಹಟವೂ ಇಲ್ಲ. ಬಲಗಡೆ ಬರೆದ ಮಾತುಗಳಲ್ಲಿ ಎಲ್ಲವೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಕ್ಕ ಹೇಳಿದ್ದರಲ್ಲಿ ಪ್ರೀತಿ ಇತ್ತು, ಚಿಕ್ಕಪ್ಪ ಹೇಳಿದ್ದರಲ್ಲಿ ಕಂಡ ಅನುಭವ ಇತ್ತು. ಆದರೆ ಅವು ಅವರವು ಅನ್ನುವುದು ಆ ಗೆರೆ ಎಳೆದ ಮೇಲೇ ನನಗೆ ಕಂಡದ್ದು.

ನೋಟ್‌ಬುಕ್ ಬಗ್ಗೆ ಮಾತಾಡುವಾಗ ಡಾರ್ವಿನ್ ನೆನಪಾಗದೇ ಇರುವುದಿಲ್ಲ. 1837ರಲ್ಲಿ, ತನ್ನ 28ನೇ ವಯಸ್ಸಿನಲ್ಲಿ, ಆತ ಒಂದು ಚಿಕ್ಕ ನೋಟ್‌ಬುಕ್ಕಿನ 36ನೇ ಪುಟದಲ್ಲಿ ಕೊಂಬೆ ಕೊಂಬೆಯಾಗಿ ಒಡೆಯುವ ಒಂದು ಮರ ಗೀಚಿದ. ಜೀವಿಗಳೆಲ್ಲ ಒಂದರಿಂದ ಒಂದು ಕವಲೊಡೆದು ಬಂದವು ಅನ್ನುವ ಯೋಚನೆ ಅದು. ಮರದ ಮೇಲೆ ಎರಡೇ ಪದ: ಐ ಥಿಂಕ್. ನನಗನ್ನಿಸುತ್ತದೆ, ಅಷ್ಟೇ. ಸುತ್ತಲಿನ ಜಗತ್ತು ಬೇರೆಯೇ ನಂಬಿದ್ದ ಕಾಲ. ಅದು ಪುಸ್ತಕವಾಗಿ ಹೊರಬಂದದ್ದು 1859ರಲ್ಲಿ. 22 ವರ್ಷ. ಆ ಪುಟ ಅಷ್ಟು ವರ್ಷ ಅವನ ಜೊತೆ ಇತ್ತು. ಆ ನೋಟ್‌ಬುಕ್ ಹೆಚ್ಚುಕಮ್ಮಿ ಅಂಚೆ ಕಾರ್ಡಿನಷ್ಟು ದೊಡ್ಡದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಅದು ಇನ್ನೊಂದು ನೋಟ್‌ಬುಕ್ಕಿನ ಜೊತೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಣೆಯಾಗಿತ್ತು. 2022ರಲ್ಲಿ ಯಾರೋ ಒಂದು ಗುಲಾಬಿ ಬಣ್ಣದ ಉಡುಗೊರೆ ಚೀಲದಲ್ಲಿ ಹಾಕಿ ಗ್ರಂಥಾಲಯದೊಳಗೇ ಇಟ್ಟು ಹೋದರು. ಪುಟಗಳು ಹಾಳಾಗಿರಲಿಲ್ಲ. ಆ ಸುದ್ದಿ ನೋಡಿದ ದಿನ ನನಗೆ ಮನೆಯವರದೇ ವಸ್ತು ಸಿಕ್ಕಷ್ಟು ಸಂತೋಷವಾಗಿತ್ತು.

ಡಾರ್ವಿನ್‌ನಿಂದ ನಾನು ತೆಗೆದುಕೊಂಡದ್ದು ಇನ್ನೊಂದು ಅಭ್ಯಾಸ. ತಾನು ನಂಬಿದ್ದಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದರೆ ತಕ್ಷಣ, ತಪ್ಪದೆ ಬರೆದಿಡುತ್ತಿದ್ದೆ ಅಂತ ಆತ ಹೇಳಿಕೊಂಡಿದ್ದಾನೆ. ಯಾಕೆಂದರೆ ಒಪ್ಪಿಗೆಯಾದ ಸಂಗತಿಗಿಂತ ಒಪ್ಪಿಗೆಯಾಗದ್ದು ಬೇಗ ಮರೆತುಹೋಗುತ್ತದೆ. ನಾನು ಇದಕ್ಕೆ ಪುಸ್ತಕದ ಕೊನೆಯ ಹತ್ತು ಪುಟ ಬಿಟ್ಟಿದ್ದೆ. ಸ್ವಂತ ಯೋಚನೆ ಅಂದರೆ ಮೊದಲು ಅನ್ನಿಸಿದ್ದನ್ನೇ ಗಟ್ಟಿ ಹಿಡಿದುಕೊಳ್ಳೋದು ಅಂತ ನಾನೂ ತಿಳಿದಿದ್ದೆ. ಈ ಹತ್ತು ಪುಟ ಆ ತಪ್ಪು ತಿಳಿವಳಿಕೆ ಬಿಡಿಸಿತು. 61ನೇ ಪುಟದಲ್ಲಿ ಒಬ್ಬರ ಬಗ್ಗೆ ಕೆಟ್ಟದಾಗಿ ಬರೆದಿದ್ದೇನೆ, ತುಂಬಾ ಖಚಿತವಾಗಿ. ಕೊನೆಯ ಹತ್ತು ಪುಟಗಳಲ್ಲಿ ಅದೇ ವ್ಯಕ್ತಿ ಮಾಡಿದ ಮೂರು ಒಳ್ಳೆಯ ಕೆಲಸ ಇವೆ, ಬೇರೆ ಬೇರೆ ದಿನಾಂಕ. ಬರೆದಿಡದಿದ್ದರೆ ಮೂರೂ ನನ್ನ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. 61ನೇ ಪುಟಕ್ಕೆ ಹೋಗಿ ಬದಿಯಲ್ಲಿ "ತಪ್ಪು" ಅಂತ ಬರೆದು ದಿನಾಂಕ ಹಾಕಿದೆ. ಹೊಡೆದು ಹಾಕಲಿಲ್ಲ. ಹಾಗೆ ಅಂದುಕೊಂಡಿದ್ದೆ ಅನ್ನೋದೂ ಇರಲಿ.

ಫೋನಿನಲ್ಲೇ ಬರೆಯಬಹುದಲ್ವಾ ಅಂತ ಕೇಳುವವರಿದ್ದಾರೆ. ಬರೆಯಬಹುದು, ಹುಡುಕೋಕೆ ಅದೇ ಸುಲಭ. 2014ರ ಒಂದು ಅಧ್ಯಯನದಲ್ಲಿ ಲ್ಯಾಪ್‌ಟಾಪಿನಲ್ಲಿ ಪಾಠದ ನೋಟ್ಸ್ ತೆಗೆದುಕೊಂಡವರು ಕೇಳಿದ ಮಾತನ್ನು ಹಾಗ್ಹಾಗೇ ಇಳಿಸಿದ್ದು ಜಾಸ್ತಿ ಅಂತ ಕಂಡಿತ್ತು. ಕೈಯಲ್ಲಿ ಬರೆದವರು ನೆನಪಿಟ್ಟುಕೊಳ್ಳುವುದರಲ್ಲೂ ಮುಂದು ಅಂತ ಅದರಲ್ಲಿ ಬಂದಿತ್ತು, ಆದರೆ ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಅದಕ್ಕೇ ಆ ಆಧಾರದ ಮೇಲೆ ನಾನು ಕಾಗದದ ಪರ ವಾದ ಮಾಡುವುದಿಲ್ಲ. ನನ್ನ ಕಾರಣ ಸರಳ. ಫೋನ್ ತೆರೆದರೆ ಬರೆಯುವ ಜಾಗಕ್ಕೆ ಹೋಗುವ ಮೊದಲೇ ನಾಲ್ಕು ಜನರ ಮಾತು ಕಣ್ಣಿಗೆ ಬಿದ್ದಿರುತ್ತದೆ. "ಮೊದಲು ಬರೆ" ಅನ್ನುವುದು ಅಲ್ಲೇ ಮುರಿಯಿತು.

ಕೊರತೆಗಳು ಇವೆ. ಎಲಾಸ್ಟಿಕ್ ಪಟ್ಟಿ ಐದನೇ ತಿಂಗಳಿಗೆ ಸಡಿಲವಾಯಿತು, ಏಳಕ್ಕೆ ಕಿತ್ತು ಬಂತು. ರಟ್ಟಿನ ಮೂಲೆಗಳು ಸವೆದು ಒಳಗಿನ ಬೂದು ಕಾಣುತ್ತಿದೆ. ಪುಟ ಸಂಖ್ಯೆ ಅಚ್ಚಾಗಿಲ್ಲ, 192ನ್ನೂ ನಾನೇ ಬರೆದುಕೊಂಡೆ. ಸಂಖ್ಯೆ ಇಲ್ಲದಿದ್ದರೆ ಹಳೆಯ ಪುಟಕ್ಕೆ ವಾಪಸ್ ಹೋಗುವುದು ಕಷ್ಟ, ವಾಪಸ್ ಹೋಗದಿದ್ದರೆ ಅರ್ಧ ಉಪಯೋಗ ಹೋಯಿತು.

ಇನ್ನೊಂದು ವಿಷಯ ಎಚ್ಚರಿಕೆಯಿಂದ ಹೇಳುತ್ತೇನೆ. ಇದು ಮನುಷ್ಯರಿಗೆ ಬದಲಿ ಅಲ್ಲ. 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಅನ್ನುವ ಸಂಶೋಧಕರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಸಿದರು. ಏನಾಯಿತು ಅನ್ನೋದರ ಜೊತೆ ಹೇಗನ್ನಿಸಿತು ಅಂತಲೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಆದರೆ ಬರೆದ ತಕ್ಷಣ ಅವರ ಮನಸ್ಸು ಹಗುರವಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ನನಗೂ ಹಾಗೇ ಆಗಿದೆ. ಎಂಟನೇ ತಿಂಗಳಲ್ಲಿ ಒಂದೇ ದುಃಖವನ್ನು ಆರು ದಿನ ಬರೆದೆ. ಪದಗಳೂ ಬದಲಾಗಲಿಲ್ಲ. ಬರೆದಷ್ಟೂ ಆಳಕ್ಕೆ ಇಳಿಯುತ್ತಿದ್ದೆ. ಆರನೇ ದಿನ ಪುಸ್ತಕ ಮುಚ್ಚಿ ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು ಹೊರಟು ಬಂದಳು. ಈಗ ನನ್ನ ಲೆಕ್ಕ ಇದು: ಮೂರನೇ ದಿನವೂ ಅದೇ ಮಾತು ಬಂದರೆ ಪೆನ್ನು ಕೆಳಗಿಟ್ಟು ಯಾರಿಗಾದರೂ ಹೇಳಬೇಕು. ಒಬ್ಬಳೇ ಇರೋದು ನೆಮ್ಮದಿ ಕೊಡುವುದು, ಬೇಕಾದಾಗ ಬಾಗಿಲು ತೆಗೆದು ಆಚೆ ಬರಬಹುದು ಅಂತ ಗೊತ್ತಿದ್ದಾಗ ಮಾತ್ರ.

ಒಟ್ಟು ಐದರಲ್ಲಿ ನಾಲ್ಕು ಕೊಡುತ್ತೇನೆ. ಪಟ್ಟಿಗೆ ಅರ್ಧ, ಚುಕ್ಕಿಗೆ ಅರ್ಧ ಕಳೆದಿದ್ದೇನೆ. ಕೊಳ್ಳುವವರು ಬೆನ್ನು ನೋಡಿ, ನಡುವೆ ದಾರ ಕಾಣುತ್ತದಾ ಅಂತ ನೋಡಿ. ದಾರ ಇದ್ದರೆ ಯಾವ ಕಂಪನಿಯದಾದರೂ ಆಗುತ್ತದೆ.

ಹೊಸದು ತಂದಿದ್ದೇನೆ, ಅದೇ ಅಳತೆ, ಈ ಸಲ ಗೆರೆ ಇರುವುದು. ಅಪ್ಪನಿಗೂ ಒಂದು ತಂದೆ, ದೂರ ದೂರ ಗೆರೆಗಳದ್ದು, ಅವರ ಅಕ್ಷರ ದೊಡ್ಡದು. ಸಂಜೆ ಮಹಡಿಯಿಂದ ಇಳಿದು ಬಂದು ಕನ್ನಡಕ ಹಾಕಿಕೊಂಡು ಬಾಗಿಲು ಅರ್ಧ ಮುಂದೆ ಮಾಡಿ ಕೂರುತ್ತಾರೆ. ಏನು ಬರೆಯುತ್ತಾರೆ ಅಂತ ನಾನು ಕೇಳಿಲ್ಲ.